ನೂಲುಸಾಮಿ

ನಮ್ಮ ಮನೆಯಲ್ಲಿ ಎರಡು ಮಗ್ಗದ ಗುಂಡಿಗಳಿದ್ದವು. ಒಂದರಲ್ಲಿ ಅಪ್ಪ ಕೂತು ನೇಯುತ್ತಿದ್ದ, ಇನ್ನೊಂದರಲ್ಲಿ ದೊಡ್ಡಪ್ಪ ಕೂತು ಯೋಚಿಸುತ್ತಿದ್ದ. ತಮಿಳು ಸೀಮೆಯ ಮಡತ್ತುಕುಳದ ನೇಕಾರರ ಬೀದಿಯಲ್ಲಿ ರೈಲುಡಬ್ಬಿಯ ಹಾಗೆ ಉದ್ದಕ್ಕೆ ಚಾಚಿಕೊಂಡಿದ್ದ ಹೆಂಚಿನ ಮನೆ ಅದು. ಮುಂದೆ ಜಗಲಿ, ಆಮೇಲೆ ಮಗ್ಗದ ಕೋಣೆ, ಅದರ ಹಿಂದೆ ಎಲ್ಲರೂ ಮಲಗುವ ನಡುಮನೆ, ಕೊನೆಗೆ ಅಡುಗೆಮನೆ, ಹಿತ್ತಲಲ್ಲಿ ಉಪ್ಪುನೀರಿನ ಬಾವಿ. ಬೆಳಕು ಬರುತ್ತಿದ್ದದ್ದು ಎರಡು ಕಡೆಯ ಬಾಗಿಲಿನಿಂದ ಮಾತ್ರ, ನಡುಮನೆಯಲ್ಲಿ ಮಧ್ಯಾಹ್ನವೂ ಮಬ್ಬು. ಬೆಳಿಗ್ಗೆ ನಾನು ಕಣ್ಣು ಬಿಡುವ ಮೊದಲೇ ಅಪ್ಪನ ಲಾಳಿ ಓಡತೊಡಗಿರುತ್ತಿತ್ತು. ಸ್ವಲ್ಪ ಹೊತ್ತಿಗೆ ದೊಡ್ಡಪ್ಪನದೂ ಅದರ ಜೊತೆ ಸೇರುತ್ತಿತ್ತು. ಎರಡು ಸದ್ದು ಒಂದರ ಹಿಂದೊಂದು ಬರುವುದು ಕೇಳಲು ಚೆನ್ನಾಗಿರುತ್ತಿತ್ತು. ಆಮೇಲೆ ಇದ್ದಕ್ಕಿದ್ದಂತೆ ಒಂದು ನಿಂತುಹೋಗುತ್ತಿತ್ತು. ಅಡುಗೆಮನೆಯಲ್ಲಿ ಹತ್ತಿಕಡ್ಡಿ ಮುರಿದು ಒಲೆಗೆ ಹಾಕುತ್ತಿದ್ದ ಅವ್ವ ತಲೆ ಎತ್ತದೆ, ಭಾವನಿಗೆ ಏನೋ ಹೊಳೀತು, ಇನ್ನು ಊಟದ ಹೊತ್ತಿಗೇ, ಎನ್ನುತ್ತಿದ್ದಳು. ದೊಡ್ಡಮ್ಮ ಒಂದು ನಿಟ್ಟುಸಿರು ಬಿಟ್ಟು ರಾಟೆಯನ್ನು ಇನ್ನಷ್ಟು ಜೋರಾಗಿ ತಿರುಗಿಸುತ್ತಿದ್ದಳು.

ದೊಡ್ಡಪ್ಪನ ಹೆಸರು ನಂಜಣ್ಣ. ಮದುವೆಗೆ ಮುಂಚೆ ಅವನು ಪಳನಿಯ ಕಡೆ ಯಾವುದೋ ಮಠದಲ್ಲಿ ಕೆಲವು ವರ್ಷ ಇದ್ದು ವೇದಾಂತ ಓದಿ ಬಂದಿದ್ದ. ಬೀದಿಯಲ್ಲಿ ಎಲ್ಲರ ಮನೆಮಾತು ಕನ್ನಡವೇ ಆದರೂ ಕನ್ನಡದ ಅಕ್ಷರ ಗೊತ್ತಿದ್ದವನು ಅವನೊಬ್ಬ. ಹೊಳೆಯ ಮರಳನ್ನು ಮೊರದಲ್ಲಿ ಹರಡಿ ನನಗೆ ಅ ಆ ತಿದ್ದಿಸಿದವನೂ ಅವನೇ. ಮಧ್ಯಾಹ್ನ ಬಿಸಿಲೇರಿದ ಮೇಲೆ ಜಗಲಿಯಲ್ಲಿ ಅವನ ಸುತ್ತ ಕೆಲವು ಹುಡುಗರು ಸೇರುತ್ತಿದ್ದರು. ಹಗ್ಗವನ್ನು ಹಾವೆಂದು ನೋಡಿದಾಗ ಹಾವು ಎಲ್ಲಿಂದ ಬಂತು, ಹಗ್ಗ ಎಂದು ತಿಳಿದಾಗ ಎಲ್ಲಿಗೆ ಹೋಯಿತು, ಗಡಿಗೆ ಒಡೆದರೆ ಒಳಗಿದ್ದ ಬಯಲಿಗೆ ಏನಾಯಿತು, ನಿದ್ದೆಯಲ್ಲಿ ನಾನು ಇರುತ್ತೇನೋ ಇಲ್ಲವೋ, ಇಂಥವೇ ಮಾತು. ಅವನಿಗೆ ಒಂದು ಅಭ್ಯಾಸವಿತ್ತು. ಮಾತು ಶುರು ಮಾಡುವ ಮುನ್ನ ಬಲಗಿವಿಯನ್ನು ಉಜ್ಜಿಕೊಂಡು, ಎಡಗಣ್ಣು ಮುಚ್ಚಿ, ಒಂದು ಬೆರಳೆತ್ತಿ, ತುಂಬ ದೂರದಿಂದ ಆರಂಭಿಸುತ್ತಿದ್ದ. ಉಪ್ಪು ಬೇಕಿದ್ದರೂ ಹಾಗೆಯೇ. ತಟ್ಟೆಯ ಮುಂದೆ ಕೂತು, ರುಚಿ ಎನ್ನುವುದು ನಾಲಿಗೆಯಲ್ಲಿದೆಯೋ ಸಾರಿನಲ್ಲಿದೆಯೋ ಎಂದು ತೊಡಗಿ ಅವನು ಉಪ್ಪಿಗೆ ಬಂದು ಮುಟ್ಟುವಷ್ಟರಲ್ಲಿ ಹುರುಳಿ ಸಾರು ಆರಿ ಮೇಲೆ ಕೆನೆ ಕಟ್ಟಿರುತ್ತಿತ್ತು. ಒಮ್ಮೆ ಬೀದಿಯಲ್ಲಿ ಮಗ್ಗದ ಹಾಸುನೂಲನ್ನು ಉದ್ದಕ್ಕೆ ಎಳೆದು ಗಂಜಿ ಹಾಕಿ ಒಣಗಲು ಬಿಟ್ಟು, ಮೇಕೆ ಬರದಂತೆ ನೋಡಿಕೋ ಎಂದು ಅವನನ್ನು ಕೂರಿಸಿದ್ದರು. ಮೇಕೆ ಬಂತು. ದೊಡ್ಡಪ್ಪ ಅದನ್ನು ನೋಡುತ್ತಲೇ ಕೂತಿದ್ದ. ನೂಲನ್ನೆಲ್ಲ ಅದು ಜಗಿದು ಸಿಕ್ಕುಮಾಡಿದ ಮೇಲೆ ಅಪ್ಪ ಕೂಗಾಡಿದಾಗ, ಅದಕ್ಕೆ ಗಂಜಿ ಬೇರೆ ನೂಲು ಬೇರೆ ಎಂದು ಗೊತ್ತಿದೆಯೋ ಇಲ್ಲವೋ ನೋಡುತ್ತಿದ್ದೆ ಎಂದ. ಆ ದಿನ ದೊಡ್ಡಮ್ಮ ಉಣ್ಣಲಿಲ್ಲ. ಮಕ್ಕಳಿಲ್ಲದ ಅವಳು ಮಲಗುವಾಗ ನನ್ನನ್ನು ಮಗ್ಗುಲಲ್ಲಿ ಹಾಕಿಕೊಂಡು, ಈ ಮನೆಯ ಅನ್ನವೆಲ್ಲ ನಿನ್ನಪ್ಪನ ತೋಳಿನದು ಮಗಳೇ, ನಾವು ಗಂಡಹೆಂಡಿರು ಕೂತು ತಿನ್ನೋರು, ಎಂದು ಪಿಸುಗುಟ್ಟುತ್ತಿದ್ದಳು.

ಅಪ್ಪ ರಂಗಣ್ಣನಿಗೆ ಅಣ್ಣನ ಮೇಲೆ ಸಿಟ್ಟಿತ್ತು, ಆದರೆ ಅದು ಬೈಗುಳವಾಗಿ ಹೊರಬರುತ್ತಿದ್ದದ್ದು ಕಡಿಮೆ. ಅವನು ಅಣಕಿಸುತ್ತಿದ್ದ. ಹುಟ್ಟಾ ನಟ ಅವನು. ಊಟದ ಮನೆಯಲ್ಲಿ ಕಿವಿ ಉಜ್ಜಿಕೊಂಡು ಒಂದು ಕಣ್ಣು ಮುಚ್ಚಿ ಬೆರಳೆತ್ತಿದರೆ ಸಾಕು, ಅವ್ವ ಸೆರಗು ಬಾಯಿಗೊತ್ತಿಕೊಳ್ಳುತ್ತಿದ್ದಳು, ನಾನು ಉರುಳಾಡಿ ನಗುತ್ತಿದ್ದೆ, ದೊಡ್ಡಮ್ಮನೂ ಮುಖ ತಿರುಗಿಸಿಕೊಂಡು ನಗುತ್ತಿದ್ದಳು. ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವನು ದೊಡ್ಡಪ್ಪ. ನಾನು ಹೀಗೇ ಮಾಡ್ತೀನಾ, ಇನ್ನೊಂದು ಸಲ ಮಾಡು ರಂಗಾ, ಎಂದು ಕಣ್ಣೀರು ಒರೆಸಿಕೊಳ್ಳುತ್ತ ಕೇಳುತ್ತಿದ್ದ. ನಮ್ಮ ಮನೆಯ ಜಗಳಗಳು ಹೀಗೆ ಮುಗಿಯುತ್ತಿದ್ದವು. ಹಾಗೆ ಮುಗಿಯದಿದ್ದರೆ ಆ ಮನೆ ಎಂದೋ ಎರಡಾಗುತ್ತಿತ್ತು.

ಆ ನಗು ಮನೆಯ ಹೊಸಿಲು ದಾಟಿದ್ದು ಬೀದಿಯ ಯಜಮಾನರಿಂದ. ಅವರ ಮಗ ಚಿನ್ನಣ್ಣ ದೊಡ್ಡಪ್ಪನ ಜಗಲಿಗೆ ದಿನವೂ ಬರುತ್ತಿದ್ದವನು. ಗೊತ್ತಾಗಿದ್ದ ಮದುವೆಯನ್ನು ಅವನು, ನಾನು ಯಾರು ಎಂದು ತಿಳಿಯದೆ ಇನ್ನೊಬ್ಬಳ ಕೈ ಹೇಗೆ ಹಿಡಿಯಲಿ ಎಂದು ಬೇಡ ಅಂದುಬಿಟ್ಟಿದ್ದ. ಯಜಮಾನರು ಜಗಳಕ್ಕೆ ಬರಲಿಲ್ಲ. ಒಂದು ಸಂಜೆ ಬಂದು ಅಪ್ಪನ ಮಗ್ಗದ ಪಕ್ಕ ಕೂತು, ಈ ಸಂಕ್ರಾಂತಿಗೆ ಚೌಡಮ್ಮನ ಗುಡಿಯ ಮುಂದೆ ಒಂದು ನಗೆನಾಟಕ ಕಟ್ಟಿಕೊಡು ಎಂದು ಕೇಳಿದರು. ಜ್ಞಾನ ಜ್ಞಾನ ಅಂತ ಕೈಕೆಲಸ ಬಿಟ್ಟು ಕೂರೋರ ಮೇಲೆ ಇರಲಿ, ಊರು ನಗಲಿ, ನಕ್ಕರೆ ಹುಡುಗರಿಗೆ ಬುದ್ಧಿ ಬರುತ್ತೆ, ಎಂದರು. ಮಗ್ಗದ ಆಚೆ ಗುಂಡಿಯಲ್ಲಿ ಕೂತಿದ್ದ ದೊಡ್ಡಪ್ಪ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. ಅಪ್ಪ ಅವನ ಕಡೆ ನೋಡಿದ.

"ಕಟ್ಟು ರಂಗಾ, ಚೆನ್ನಾಗಿರುತ್ತೆ" ಅಂದ ದೊಡ್ಡಪ್ಪ.

ಅಭ್ಯಾಸ ನಡೆದದ್ದು ನಮ್ಮ ಮಗ್ಗದ ಕೋಣೆಯಲ್ಲೇ. ಬರೆದಿಟ್ಟುಕೊಂಡು ಆಡುವ ರೂಢಿ ಯಾರಿಗೂ ಇರಲಿಲ್ಲ, ಆಡುತ್ತ ಆಡುತ್ತ ಮಾತು ಹುಟ್ಟುತ್ತಿತ್ತು. ಅಪ್ಪನದು ನೂಲುಸಾಮಿ ಎಂಬ ಗುರುವಿನ ವೇಷ. ನೇಯುವುದು ತಪ್ಪಬೇಕು ಎಂದು ಉಪಾಯ ಹುಡುಕುವ ಸೋಮಾರಿಯೊಬ್ಬ ಅವನ ಶಿಷ್ಯನಾಗುತ್ತಾನೆ. ನೂಲೇ ಸೀರೆ, ಸೀರೆಯೇ ನೂಲು, ಆಮೇಲೆ ನೇಯುವುದೇತಕ್ಕೆ ಎಂದು ಗುರು ಬೋಧಿಸುತ್ತಾನೆ. ಇದನ್ನು ಕೇಳಿದ ದೊಡ್ಡಪ್ಪ ಗುಂಡಿಯಿಂದ ಎದ್ದು ಬಂದ. ಅಪ್ಪನಿಗೆ ಈಗ ಜಗಳ ಎಂದೇ ಅನ್ನಿಸಿರಬೇಕು. ಆದರೆ ದೊಡ್ಡಪ್ಪ ಹೇಳಿದ್ದು ಬೇರೆ. ನೂಲೇ ಸೀರೆ ಎಂದು ಯಾರೂ ಹೇಳುವುದಿಲ್ಲ, ನೂಲನ್ನು ಬಿಟ್ಟು ಸೀರೆ ಎಂಬುದು ಬೇರೆ ಇಲ್ಲ ಎನ್ನುತ್ತಾರೆ, ಗೇಲಿ ಮಾಡುವುದಾದರೆ ಸರಿಯಾದ ಮಾತನ್ನು ಹಿಡಿದು ಗೇಲಿ ಮಾಡಬೇಕು ಎಂದ. ಹಾಗೆ ಹೇಳಿದರೆ ಜನ ನಗುವುದಿಲ್ಲ ಎಂದು ಅಪ್ಪ. ದೊಡ್ಡಪ್ಪ ಕಿವಿ ಉಜ್ಜಿಕೊಂಡು ಯೋಚಿಸಿ, ಹಾಗಾದರೆ ಶಿಷ್ಯನ ಹೆಂಡತಿ ಹರಿದ ಸೀರೆ ತಂದು ತೋರಿಸಿ ಅಳಲಿ, ಎಳೆ ಒಂದೂ ಕಳೆದಿಲ್ಲವಲ್ಲ ತಾಯಿ, ಹರಿದದ್ದು ಯಾವುದು ಎಂದು ಸಾಮಿ ಕೇಳಲಿ ಎಂದ. ಕೋಣೆಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅಂದಿನಿಂದ ದೊಡ್ಡಪ್ಪ ದಿನವೂ ಒಂದೊಂದು ಮಾತು ಕೊಟ್ಟ. ನಾಟಕದ ಅತ್ಯುತ್ತಮ ನಗೆಗಳೆಲ್ಲ ಅವನವೇ. ಯಜಮಾನರು ಯಾಕೆ ಕೇಳಿದರು ಎಂಬುದು ಅವನಿಗೆ ಅರ್ಥವಾಗಿರಲಿಲ್ಲವೆಂದು ಅವ್ವ ಹೇಳುತ್ತಿದ್ದಳು. ಅರ್ಥವಾಗಿಯೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ ಎಂದು ಈಗ ನನಗನ್ನಿಸುತ್ತದೆ. ತನ್ನ ಮಾತನ್ನು ಇಷ್ಟು ಜನ ಗಮನವಿಟ್ಟು ಕೇಳಿದ್ದು ಅವನ ಜೀವನದಲ್ಲಿ ಅದೇ ಮೊದಲು.

ಸಂಕ್ರಾಂತಿಯ ಮಾರನೆಯ ದಿನ ದೀಪ ಹಚ್ಚುವ ಹೊತ್ತಿಗೆ ಆಟ ಶುರುವಾಯಿತು. ಸುತ್ತಲ ತೋಟದ ತಮಿಳರೂ ಗಾಡಿ ಕಟ್ಟಿಕೊಂಡು ಬಂದಿದ್ದರು. ಆದ್ದರಿಂದ ಮಾತು ಅರ್ಧ ನಮ್ಮ ಮನೆಮಾತು, ಅರ್ಧ ತಮಿಳು. ಅಪ್ಪ ಕಿವಿ ಉಜ್ಜಿಕೊಂಡು, ಕಣ್ಣು ಮುಚ್ಚಿ, ಬೆರಳೆತ್ತಿ ನಿಂತಾಗ, ಇನ್ನೂ ಬಾಯಿ ತೆರೆಯುವ ಮೊದಲೇ ಜನಕ್ಕೆ ಅದು ಯಾರೆಂದು ತಿಳಿದುಹೋಯಿತು. ಎಲ್ಲರೂ ತಿರುಗಿ ದೊಡ್ಡಪ್ಪನನ್ನು ನೋಡಿದರು. "ಕಣ್ಣಿಗೆ ಕಾಣೋದೆಲ್ಲಾ ನಿಜ ಅಲ್ಲ" ಎಂದು ಸಾಮಿ ಮೊದಲ ಮಾತಾಡಿದ. ಶಿಷ್ಯ ಹೊಟ್ಟೆ ಹಿಡಿದುಕೊಂಡು, ಸಾಮಿ, ಪಸಿಕ್ಕಿದು, ಎಂದು ಹಸಿವನ್ನು ಹೇಳಿಕೊಂಡಾಗ ಸಾಮಿ ತಾನು ಅನ್ನ ಉಣ್ಣುತ್ತಲೇ, "ಯಾರುಕ್ಕು ಪಸಿ?" ಎಂದು ಕೇಳಿದ. ಹಸಿವು ಯಾರಿಗೆ, ಅವನನ್ನು ಮೊದಲು ಹುಡುಕಿ ತಾ ಎಂದು. ಅದಕ್ಕೆ ಬಿದ್ದ ನಗು ನಿಲ್ಲಲು ಬಹಳ ಹೊತ್ತು ಬೇಕಾಯಿತು. ಕೊನೆಗೆ ಶಿಷ್ಯ ಮಗಳ ಮದುವೆಗೆ ಸೀರೆಯ ಬದಲು ನೂಲಿನ ಲಡಿ ಇಡುತ್ತಾನೆ, ಬೀಗರು ಸಿಟ್ಟಿಗೆದ್ದು ಸಾಮಿಯ ಬಟ್ಟೆ ಕಿತ್ತು ಮೈಗೆಲ್ಲ ನೂಲು ಸುತ್ತಿ, ಪಂಚೆಯಾಯಿತಲ್ಲ ಸಾಮಿ, ನಡಿ ಎಂದು ಓಡಿಸುತ್ತಾರೆ. ನೂಲು ಸುತ್ತಿಕೊಂಡ ಅಪ್ಪ ಎಡವುತ್ತ ಗುಡಿಯನ್ನು ಸುತ್ತು ಹಾಕಿದ. ದೊಡ್ಡಪ್ಪ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದ. ನಾನು ಅವ್ವನ ತೊಡೆಯ ಮೇಲಿದ್ದೆ. ಅವಳ ಹೊಟ್ಟೆ ನಗುವಿನಿಂದ ಕುಲುಕುವುದು ನನ್ನ ಬೆನ್ನಿಗೆ ಗೊತ್ತಾಗುತ್ತಿತ್ತು.

ಮರುದಿನದಿಂದ ಆ ಹೆಸರು ಇಬ್ಬರಿಗೂ ಅಂಟಿತು. ಅಪ್ಪ ಬೀದಿಗೆ ಬಂದರೆ, ನೂಲುಸಾಮಿ ಬಂದರು ಎಂದು ಹೆಗಲು ತಟ್ಟಿ ವೀಳ್ಯ ಕೊಡುತ್ತಿದ್ದರು. ದೊಡ್ಡಪ್ಪ ಬಂದರೆ ಅದೇ ಹೆಸರನ್ನು ಬೆನ್ನ ಹಿಂದಿನಿಂದ ಕೂಗುತ್ತಿದ್ದರು. ಜಗಲಿಯ ಹುಡುಗರು ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಕೊನೆಗೆ ಉಳಿದವನು ಯಜಮಾನರ ಮಗ ಚಿನ್ನಣ್ಣ, ಅವನನ್ನೂ ಅವರು ಮದುವೆಗೆ ಒಪ್ಪಿಸಿ ಮನೆಯಲ್ಲಿ ಹಿಡಿದಿಟ್ಟರು. ದೊಡ್ಡಪ್ಪ ಕೆಲವು ದಿನ ಜಗಲಿಯಲ್ಲಿ ಒಬ್ಬನೇ ಕೂತು ನೋಡಿದ. ಆಮೇಲೆ ಮಧ್ಯಾಹ್ನಗಳಲ್ಲಿ ಅಮರಾವತಿ ಹೊಳೆಯ ಮೇಲ್ದಂಡೆಗೆ ನಡೆದುಹೋಗಿ ಮತ್ತಿಮರಗಳ ಕೆಳಗೆ ಕೂತು ಬರತೊಡಗಿದ.

ಅದು ಪಳನಿಗೆ ಕಾವಡಿ ಹೊತ್ತವರು ನಮ್ಮ ದಾರಿಯಲ್ಲಿ ಹೋಗುವ ಕಾಲ. ಊರೂರಿನಿಂದ ಬಂದವರು ಆ ಮರಗಳ ಕೆಳಗೆ ಇಳಿದು, ಅಡಿಗೆ ಮಾಡಿ, ಹೊಳೆಯಲ್ಲಿ ಮಿಂದು ಮುಂದೆ ಹೋಗುತ್ತಿದ್ದರು. ಒಂದು ದಿನ ದೊಡ್ಡಪ್ಪ ಅಲ್ಲಿ ಒಂದು ಗುಂಪು ವಾಂತಿಭೇದಿಯಲ್ಲಿ ಬಿದ್ದಿರುವುದನ್ನು ಕಂಡ. ಒಬ್ಬ ಹೆಂಗಸು ಸತ್ತಿದ್ದಳು. ಅವಳ ಬಟ್ಟೆಬರೆಗಳನ್ನೆಲ್ಲ ಹೊಳೆಯಲ್ಲಿ ಒಗೆದು, ಅವಳನ್ನು ಮರಳಿನಲ್ಲಿ ಹೂತು, ಉಳಿದವರು ಕಾವಡಿ ಎತ್ತಿಕೊಂಡು ಹೋದರಂತೆ. ಹೊಳೆ ಅಲ್ಲಿಂದ ಕೆಳಗೆ ಹರಿಯುವ ಕಡೆಯೇ, ಮರಳಿನಲ್ಲಿ, ನಮ್ಮ ಬೀದಿಯವರು ನೀರು ತರುವ ಒರತೆಗಳಿದ್ದವು. ಹಿತ್ತಲ ಬಾವಿಗಳದು ಉಪ್ಪುನೀರು, ಅದು ಪಾತ್ರೆಗೆ, ಮೈಗೆ. ಬಾಯಿಗೆ ಹಾಕುವುದೆಲ್ಲ ಹೊಳೆಯ ನೀರೇ. ದೊಡ್ಡಪ್ಪ ಮನೆಗೆ ಬಂದು ಇದನ್ನು ಹೇಳಿದ ದಿನವೇ ಬೀದಿಯ ಕೊನೆಯ ಮನೆಯಲ್ಲಿ ಒಬ್ಬ ಮುದುಕ ಹೋದ. ಮರುದಿನ ಅವನ ಸೊಸೆ. ಯಜಮಾನರು ಗುಡಿಯ ಮುಂದೆ ಎಲ್ಲರನ್ನೂ ಕರೆಸಿದರು, ಅಮ್ಮನಿಗೆ ಏನು ಪೂಜೆ ಮಾಡಬೇಕೆಂದು ತೀರ್ಮಾನಿಸಲು. ನಾನೂ ಅವ್ವನ ಪಕ್ಕ ಹೆಂಗಸರ ನಡುವೆ ಕೂತಿದ್ದೆ. ಕೋಳಿಯೋ ಮೇಕೆಯೋ ಎಂದು ಮಾತು ನಡೆಯುತ್ತಿದ್ದಾಗ ದೊಡ್ಡಪ್ಪ ಎದ್ದು ನಿಂತ. ನಾಟಕವಾಡಿದ ಜಾಗದಲ್ಲೇ ನಿಂತಿದ್ದ ಅವನು. ಕೈ ತಾನಾಗಿ ಕಿವಿಗೆ ಹೋಯಿತು. ಕಣ್ಣು ಮುಚ್ಚಿತು. ಬೆರಳು ಎದ್ದಿತು. ಎಲ್ಲಿಂದಲೋ ಒಂದು ಕಿಸಕ್ಕನೆ ನಗು ಕೇಳಿತು.

"ಯಜಮಾನ್ರೇ, ಕಣ್ಣಿಗೆ ತಿಳಿಯಾಗಿ ಕಾಣೋದೆಲ್ಲಾ ತಿಳಿ ಅಲ್ಲ. ಈಗ ನೀರು ಅಂದರೆ ಏನು ಅಂತ ನೋಡೋಣ..."

ಅವನು ಹೊಳೆಯ ತಿಳಿನೀರಿನ ಮಾತಿಗೆ ಬರುತ್ತಿದ್ದ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ತಮಿಳಿನಲ್ಲಿ ಕೂಗಿದ.

"ಯಾರುಕ್ಕು ಸಾಮಿ ವಾಂದಿ?"

ವಾಂತಿ ಯಾರಿಗೆ ಸಾಮಿ ಎಂದು. ಇಡೀ ಗುಂಪು ಒಡೆದುಬಿದ್ದಂತೆ ನಕ್ಕಿತು. ಅಂಥ ನಗುವನ್ನು ನಾನು ಆಮೇಲೆ ಎಲ್ಲಿಯೂ ಕೇಳಿಲ್ಲ. ಎರಡು ದಿನದಿಂದ ಹೆದರಿ ಉಸಿರು ಹಿಡಿದಿದ್ದ ಜನ, ಅಳಬೇಕಾದಷ್ಟನ್ನೂ ಅದರಲ್ಲೇ ಹೊರಹಾಕಿದ ಹಾಗಿತ್ತು. ಆ ಸತ್ತ ಮುದುಕನ ಮಗನೂ ನಗುತ್ತಿದ್ದ. ದೊಡ್ಡಪ್ಪ ಬೆರಳೆತ್ತಿಕೊಂಡೇ, ನಗು ನಿಲ್ಲಲಿ ಎಂದು ಕಾದ. ನಿಂತ ಮೇಲೆ ಮತ್ತೆ ನೀರು ಎಂದ, ಮತ್ತೆ ನಕ್ಕರು. ಜನ ಅಪ್ಪನ ಕಡೆ ತಿರುಗಿ ನೋಡಿ, ನೀನು ಮಾಡಿದ ಹಾಗೇ ಇದೆಯಲ್ಲೋ ಎನ್ನುತ್ತಿದ್ದರು. ಅಪ್ಪನ ಮುಖದಲ್ಲಿಯೂ ನಗುವಿತ್ತು. ಅದು ಸಂತೋಷದ ನಗುವಲ್ಲ, ಎದುರಿಗೆ ಜನ ನಕ್ಕಾಗ ಆಟಗಾರನ ಮುಖದ ಮೇಲೆ ತಾನಾಗಿ ಬರುವಂಥದು. ಅವನಿಗೆ ಅದನ್ನು ಅಳಿಸಲು ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತಿಗೆ ಯಜಮಾನರು, ಕೂತ್ಕೊಳ್ಳಪ್ಪಾ ನಂಜಣ್ಣ, ಇದು ನಿನ್ನ ಜಗಲಿ ಅಲ್ಲ, ಎಂದರು. ದೊಡ್ಡಪ್ಪ ಕೂತ. ಪೂಜೆಗೆ ಮೇಕೆ ಎಂದಾಯಿತು.

ಮನೆಗೆ ಬಂದು ದೊಡ್ಡಪ್ಪ ನೇರವಾಗಿ ಅಡುಗೆಮನೆಯ ಬಾಗಿಲಿಗೆ ಹೋದ. ತಮ್ಮನ ಹೆಂಡತಿಯ ಎದುರಿಗೆ ನಿಂತು ಅವನು ಮಾತಾಡುವುದೇ ಅಪರೂಪ. ಅಂದು ಕಿವಿ ಉಜ್ಜಿಕೊಳ್ಳಲಿಲ್ಲ. ನೀರು ಕಾಯಿಸದೆ ಯಾರೂ ಕುಡಿಯಬೇಡಿ ತಾಯಿ, ಕುದ್ದ ಮೇಲೆ ಆರಿಸಿ ಕೊಡು, ಎಂದಷ್ಟೇ ಹೇಳಿ ಹೋದ. ಅವ್ವ ಹಾಗೆಯೇ ಮಾಡಿದಳು. ಹತ್ತಿಕಡ್ಡಿಯ ಹೊರೆ ಬೇಗ ಬೇಗ ಕರಗಿತು. ಕಾಯಿಸಿದ ನೀರಿಗೆ ಹೊಗೆಯ ವಾಸನೆ, ನನಗೆ ಅದು ಸೇರುತ್ತಿರಲಿಲ್ಲ, ಆದರೂ ಗದರಿಸಿ ಕುಡಿಸುತ್ತಿದ್ದಳು. ಅಪ್ಪನೂ ಅದನ್ನೇ ಕುಡಿಯುತ್ತಿದ್ದ. ಬೀದಿಯಲ್ಲಿ ಆ ವಾರ ಸಾವಿಲ್ಲದ ದಿನವಿರಲಿಲ್ಲ. ನಮ್ಮ ಮನೆಯೊಳಗೆ ಯಾರಿಗೂ ಏನೂ ಆಗಲಿಲ್ಲ. ಮೇಕೆಯ ಪೂಜೆ ಮುಗಿದ ಎರಡು ದಿನಕ್ಕೆ ನೂಲು ತೊಳೆಯುವ ಸರದಿ ಬಂತು. ಅವ್ವ ಲಡಿಗಳನ್ನು ಹೊತ್ತು ಬೇರೆ ಹೆಂಗಸರ ಜೊತೆ ಹೊಳೆಗೆ ಹೋದಳು. ಬಿಸಿಲಲ್ಲಿ ಕೆಲಸ ಮುಗಿದ ಮೇಲೆ ಎಲ್ಲರೂ ಒರತೆಯಿಂದ ಬೊಗಸೆಯಲ್ಲಿ ನೀರು ಎತ್ತಿ ಕುಡಿದರಂತೆ. ಅವಳು ಕುಡಿಯದೆ ಕೂತಿದ್ದಳಂತೆ. ನೂಲುಸಾಮಿ ಮನೆಯೋಳು ನೀರು ಕುಡಿಯೋ ಮೊದಲು ನೀರು ಅಂದರೇನು ಅಂತ ಹುಡುಕ್ತಾಳೆ, ಎಂದು ಒಬ್ಬಳು ಹಾಸ್ಯ ಮಾಡಿದಳಂತೆ. ಅವರೆಲ್ಲ ಅವಳ ಗೆಳತಿಯರೇ. ಅವ್ವನೂ ನಕ್ಕಳು. ಬೊಗಸೆಯೊಡ್ಡಿ ಕುಡಿದಳು.

ಇದನ್ನೆಲ್ಲ ಅವಳೇ ದೊಡ್ಡಮ್ಮನಿಗೆ ಹೇಳಿದ್ದು, ಮರುದಿನ ಬೆಳಿಗ್ಗೆ, ಹೇಳುವಷ್ಟು ತ್ರಾಣ ಇನ್ನೂ ಇದ್ದಾಗ.

"ಎಲ್ಲಾರೂ ಕುಡಿದ್ರಕ್ಕಾ. ನಾನೊಬ್ಬಳು ಹ್ಯಾಗೆ ಬಿಡಲಿ. ಭಾವನಿಗೆ ಹೇಳಬೇಡ."

ನನ್ನನ್ನು ಮಗ್ಗದ ಕೋಣೆಯಿಂದ ಒಳಗೆ ಬಿಡಲಿಲ್ಲ. ನಡುಮನೆಯ ಮಬ್ಬಿನಲ್ಲಿ ಅವಳ ಕಾಲು ಮಾತ್ರ ಕಾಣುತ್ತಿತ್ತು, ಬೆರಳುಗಳು ಸೆಟೆದು ಒಳಗೆ ಮಡಿಚಿಕೊಳ್ಳುತ್ತಿದ್ದವು. ದೊಡ್ಡಮ್ಮ ಉಪ್ಪು ಹಾಕಿದ ಅನ್ನದ ಗಂಜಿಯನ್ನು ಚಮಚದಲ್ಲಿ ಬಿಡುತ್ತಿದ್ದಳು, ಅದು ನಿಲ್ಲುತ್ತಿರಲಿಲ್ಲ. ಅಪ್ಪ ಉಡುಮಲೆ ಪೇಟೆಯಿಂದ ಡಾಕ್ಟರನ್ನು ಕರೆತರುತ್ತೇನೆಂದು ಓಡಿದವನು ಔಷಧದ ಬಾಟಲಿ ಮಾತ್ರ ಹಿಡಿದು ಮಧ್ಯಾಹ್ನದ ಮೇಲೆ ಬಂದ. ಕೊಳೆಯಾದ ಬಟ್ಟೆಗಳನ್ನು ದೊಡ್ಡಪ್ಪ ಒಂದೊಂದಾಗಿ ಹಿತ್ತಲಿಗೆ ಒಯ್ದು, ಬೆಂಕಿ ಹಾಕಿ ಸುಡುತ್ತಿದ್ದ. ಮಾಡಿ ಅಭ್ಯಾಸವಿಲ್ಲದ ಕೈ, ಪದೇಪದೇ ಬೆಂಕಿ ಆರಿಹೋಗುತ್ತಿತ್ತು. ಬಗ್ಗಿ ಊದುತ್ತಿದ್ದ. ಅಪ್ಪ ಬಾಟಲಿಯ ಬಿರಡೆ ತೆಗೆಯುವಷ್ಟರಲ್ಲಿ ದೊಡ್ಡಮ್ಮ ಒಳಗಿನಿಂದ, ಇನ್ನು ಬೇಡ, ಎಂದಳು. ಆ ದಿನಗಳಲ್ಲಿ ಹೆಣ ಹೊರಲು ಯಾರೂ ಬರುತ್ತಿರಲಿಲ್ಲ. ಅಪ್ಪ, ದೊಡ್ಡಪ್ಪ ಇಬ್ಬರೇ ಬಾಗಿಲಲ್ಲಿ ನಿಂತಿದ್ದಾಗ ಚಿನ್ನಣ್ಣ ತನ್ನ ಅಪ್ಪ ಬೇಡವೆಂದರೂ ಕೇಳದೆ ಬಂದ, ಜೊತೆಗೆ ಆ ಸತ್ತ ಮುದುಕನ ಮಗ. ನಾಲ್ಕು ಜನ ಎತ್ತಿಕೊಂಡು ಹೋದರು. ಬೀದಿಯ ಬಾಗಿಲುಗಳೆಲ್ಲ ಮುಚ್ಚಿದ್ದವು.

ಸಾವುಗಳು ನಿಂತದ್ದು ಸರ್ಕಾರದ ಜನ ಬಂದು ಒರತೆಗಳಿಗೆಲ್ಲ ಮದ್ದು ಸುರಿದು, ನೀರು ಕಾಯಿಸಿ ಕುಡಿಯಿರೆಂದು ತಮಟೆ ಹೊಡೆಸಿದ ಮೇಲೆ. ಅಂದು ಎಲ್ಲರ ಮನೆಯ ಒಲೆಯ ಮೇಲೂ ನೀರು ಕುದಿಯಿತು. ತಮಟೆಯವನು ನಮ್ಮ ಮನೆ ದಾಟಿ ಹೋದ ಮೇಲೆ, ಅವ್ವ ಹೋದಾಗಿನಿಂದ ಮಗ್ಗಕ್ಕೆ ಇಳಿಯದೆ ಗೋಡೆಗೊರಗಿ ಕೂತಿದ್ದ ಅಪ್ಪ ಮೊದಲ ಸಲ ಬಾಯಿ ತೆರೆದ. ದೊಡ್ಡಪ್ಪ ಎದುರು ಗೋಡೆಗೆ ಒರಗಿ ಕೂತಿದ್ದ. ನಾನು ನಡುವೆ, ರಾಟೆಯ ಹತ್ತಿರ.

"ನೀರು ಕೆಟ್ಟಿದೆ, ಕುಡೀಬೇಡಿ. ಅಷ್ಟೇ ಅಲ್ವಾ ಅಣ್ಣಾ ಹೇಳಬೇಕಾಗಿದ್ದದ್ದು?"

"ಅಷ್ಟೇ."

"ಮತ್ತೆ ಯಾಕೆ ಹೇಳಲಿಲ್ಲ?"

ದೊಡ್ಡಪ್ಪ ಗೋಡೆ ಬಿಟ್ಟು ಮುಂದಕ್ಕೆ ಸರಿದ.

"ಅಲ್ಲಿಗೇ ಬರ್ತಾ ಇದ್ದೆ ರಂಗಾ. ಅವರು ನಗದೇ ಇದ್ದಿದ್ದರೆ ಬಂದು ಮುಟ್ತಾ ಇದ್ದೆ." ಆಮೇಲೆ ಹೇಳಿದ, "ನಗೋದು ತಪ್ಪಲ್ಲ. ನೀನು ಆಡಿ ತೋರಿಸಿದ್ದರಲ್ಲಿ ಸುಳ್ಳೇನೂ ಇರಲಿಲ್ಲ."

ಅಪ್ಪ ಹಣೆಯನ್ನು ಮೊಣಕಾಲಿಗೆ ಒತ್ತಿಕೊಂಡ. ಅವನು ಅತ್ತದ್ದನ್ನು ನಾನು ನೋಡಿದ್ದು ಆಗಲೇ. ಅಣ್ಣ ತನ್ನನ್ನು ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಅಣ್ಣನಿಗೆ ಬೈಯಲು ಬರುತ್ತಿರಲಿಲ್ಲ.

ಅದಾದ ಮೇಲೆ ಮನೆಯಲ್ಲಿ ಎರಡೂ ಮಗ್ಗಗಳು ನಡೆಯತೊಡಗಿದವು. ದೊಡ್ಡಪ್ಪ ಬೆಳಿಗ್ಗೆ ಗುಂಡಿಗೆ ಇಳಿದರೆ ಕತ್ತಲಾಗುವವರೆಗೆ ನಿಲ್ಲಿಸುತ್ತಿರಲಿಲ್ಲ. ಅವನ ನೇಯ್ಗೆ ಚೆನ್ನಾಗಿರಲಿಲ್ಲ, ಎಳೆಗಳು ತಪ್ಪುತ್ತಿದ್ದವು, ಅಂಚು ಸೊಟ್ಟಗಿರುತ್ತಿತ್ತು, ಆದರೂ ಲಾಳಿ ಓಡುತ್ತಲೇ ಇತ್ತು. ಊಟಕ್ಕೆ ಕೂತರೆ ಹಾಕಿದ್ದನ್ನು ತಿಂದು ಏಳುತ್ತಿದ್ದ. ಉಪ್ಪು ಕಡಿಮೆಯಾದರೂ ಕೇಳುತ್ತಿರಲಿಲ್ಲ. ಅಪ್ಪ ಯಾರನ್ನೂ ಅಣಕಿಸಲಿಲ್ಲ. ಇಷ್ಟು ವರ್ಷ ಗಂಡನ ಮಾತನ್ನು ಶಪಿಸುತ್ತಿದ್ದ ದೊಡ್ಡಮ್ಮ ಒಂದು ದಿನ ಸಾರು ಬಡಿಸುತ್ತ ಬಡಿಸುತ್ತ ಸೌಟನ್ನು ಕೆಳಗಿಟ್ಟು, ಏನಾದರೂ ಮಾತಾಡೀಂದ್ರೆ, ಹಗ್ಗದ ಮಾತಾದರೂ ಆಡಿ, ಈ ಮನೇಲಿ ಇರೋಕಾಗಲ್ಲ, ಎಂದು ಅತ್ತುಬಿಟ್ಟಳು. ದೊಡ್ಡಪ್ಪ ಅವಳ ಮುಖ ನೋಡಿದ. ಕೊನೆಗೆ, ಸಾರು ಚೆನ್ನಾಗಿದೆ, ಎಂದ. ಆ ತಿಂಗಳುಗಳು ನನ್ನೊಳಗೆ ಉಳಿದಿವೆ. ಈಗಲೂ ಒಂದು ಗುಂಪು ನಗತೊಡಗಿದರೆ ನಾನು ಮೊದಲು ನೋಡುವುದು ನಡುವೆ ನಿಂತಿರುವವನು ಯಾರು ಎಂದು. ಮಾತಾಡಬೇಕಾದಾಗ ಮುಖ್ಯವಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ಅಮ್ಮ ಮಾತಾಡಿದರೆ ತಂತಿ ಬಂದ ಹಾಗಿರುತ್ತೆ ಎಂದು ನನ್ನ ಮಕ್ಕಳು ಹೇಳುತ್ತಾರೆ.

ಆಡಿ ತಿಂಗಳಲ್ಲಿ, ಅಂದರೆ ಆಷಾಢದ ಹೊತ್ತಿಗೆ, ಹತ್ತಿರದ ಊರಿನವರು ಬಂದು, ನಮ್ಮಲ್ಲೂ ಆ ನೂಲುಸಾಮಿ ಆಟ ಆಡಿಕೊಡಬೇಕು ಎಂದು ಕೇಳಿದರು. ನಮ್ಮ ಬೀದಿಯಲ್ಲಿ ಎಷ್ಟು ಸಾವಾಗಿತ್ತೆಂದು ಅವರಿಗೂ ಗೊತ್ತಿತ್ತು. ಜನಕ್ಕೆ ನಗಬೇಕಾಗಿದೆ ರಂಗಣ್ಣ, ಅದಕ್ಕೇ ಕೇಳ್ತಾ ಇರೋದು, ಎಂದರು. ಅದರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಅಪ್ಪ ಆಗುವುದಿಲ್ಲ ಎಂದ. ಅವರು ಹೋದ ಮೇಲೆ ಮಗ್ಗದ ಮೇಲಿದ್ದ ಸೀರೆಯನ್ನು ಕೊನೆಯವರೆಗೆ ನೇಯ್ದು, ಕತ್ತರಿಸಿ ಮಡಿಚಿಟ್ಟು, ಕೊಯಮತ್ತೂರಿನ ಮಿಲ್ಲಿಗೆ ಹೋಗುತ್ತೇನೆ ಎಂದು ಹೇಳಿದ. ಅಲ್ಲಿ ತನ್ನನ್ನು ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ ಎಂಬುದನ್ನು ಬಿಟ್ಟರೆ ಬೇರೆ ಕಾರಣ ಕೊಡಲಿಲ್ಲ. ಮಗಳನ್ನು ಇಲ್ಲೇ ಬಿಟ್ಟು ಹೋಗು ಎಂದು ದೊಡ್ಡಮ್ಮ ಬೇಡಿಕೊಂಡಳು. ಅಪ್ಪ ಒಪ್ಪಲಿಲ್ಲ. ಹೊರಡುವ ದಿನ ಅವಳು ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಬಟ್ಟೆಯ ಗಂಟನ್ನು ತಲೆಯ ಮೇಲಿಟ್ಟುಕೊಂಡು ಸ್ಟೇಷನ್ನಿನವರೆಗೆ ಬಂದವನು ದೊಡ್ಡಪ್ಪ.

ರೈಲು ತಡವಾಗಿತ್ತು. ಪ್ಲಾಟ್‌ಫಾರ್ಮಿನ ಮೇಲೆ ಬೇವಿನ ಮರದ ಕೆಳಗೆ ಗಂಟನ್ನಿಟ್ಟು ಅಪ್ಪ ಅದರ ಮೇಲೆ ನಮಗೆ ಬೆನ್ನು ಹಾಕಿ ಕೂತ. ಬೆಟ್ಟದ ಕಡೆ ಮೋಡ ಕಪ್ಪಾಗಿತ್ತು, ಗಾಳಿ ಧೂಳನ್ನು ಎಬ್ಬಿಸಿ ಎಬ್ಬಿಸಿ ತರುತ್ತಿತ್ತು. ನಾನು ದೊಡ್ಡಪ್ಪನ ಪಕ್ಕ ನಿಂತಿದ್ದೆ. ಅವ್ವ ಹೋದಾಗಿನಿಂದ ನನ್ನೊಳಗಿದ್ದ ಮಾತನ್ನು ಮನೆಯಲ್ಲಿ ಕೇಳಲು ಆಗಿರಲಿಲ್ಲ. ಇನ್ನು ಕೇಳಲು ಅವನು ಸಿಗುವುದಿಲ್ಲ ಎಂದು ಹೊಳೆದು ಕೇಳಿಬಿಟ್ಟೆ. ಅವ್ವ ಈಗ ಎಲ್ಲಿದ್ದಾಳೆ ದೊಡ್ಡಪ್ಪಾ, ಎಂದೆ.

ಅವನ ಕೈ ಕಿವಿಯ ಕಡೆ ಹೋಗಲಿಲ್ಲ.

"ಗೊತ್ತಿಲ್ಲ ಮಗಳೇ" ಅಂದ.

ನನಗೆ ಸಿಟ್ಟು ಬಂತು. ನಿನಗೆ ಎಲ್ಲಾ ಗೊತ್ತಲ್ಲ, ಹುಡುಗರಿಗೆಲ್ಲ ಹೇಳ್ತಾ ಇದ್ದೆಯಲ್ಲ, ಎಂದೆ. ಅಪ್ಪ ತಿರುಗದೆ, ತಗ್ಗಿದ ದನಿಯಲ್ಲಿ ನನ್ನನ್ನು ಗದರಿದ.

"ಸುಮ್ಮನಿರು. ದೊಡ್ಡಪ್ಪನನ್ನ ಏನೂ ಕೇಳಬೇಡ."

"ಕೇಳಲಿ ಬಿಡು ರಂಗಾ" ಅಂದ ದೊಡ್ಡಪ್ಪ. "ಈಗ ನನ್ನ ಕೇಳೋರು ಯಾರಿದ್ದಾರೆ."

ಅವನು ನೆಲದ ಮೇಲೆ ಕೂತು ನನ್ನನ್ನು ಎದುರಿಗೆ ಕೂರಿಸಿಕೊಂಡ. ನಾನು ಕೇಳಿದೆ. ಅವ್ವನಿಗೆ ಕೊನೆಯಲ್ಲಿ ನೋವಾಯಿತಾ ಎಂದು ಕೇಳಿದೆ. ಆಯಿತು, ಆಮೇಲೆ ಸ್ವಲ್ಪ ಹೊತ್ತು ಆಗಲಿಲ್ಲ, ಎಂದ. ನನ್ನನ್ನು ಕರೆದಳಾ ಎಂದು ಕೇಳಿದೆ. ಎರಡು ಸಲ ಕರೆದಳು, ನಾವು ನಿನ್ನನ್ನು ಬಿಡಲಿಲ್ಲ, ಎಂದ. ಅವಳಿಗೆ ನಾನು ಇಲ್ಲಿರುವುದು ಕಾಣುತ್ತದಾ ಎಂದು ಕೇಳಿದೆ. ಅದು ಗೊತ್ತಿಲ್ಲ ಎಂದ. ಕೊಯಮತ್ತೂರಿನಲ್ಲಿ ನೀರು ಎಲ್ಲಿಂದ ತರುತ್ತಾರೆ ಎಂದು ಕೇಳಿದೆ. ಬೆಟ್ಟದಿಂದ ಕೊಳಾಯಿಯಲ್ಲಿ ಬರುತ್ತೆ, ಆದರೂ ಕಾಯಿಸಿ ಕುಡಿ, ಎಂದ. ಅಪ್ಪ ಗಂಟಿನ ಮೇಲೆ ಕೂತಲ್ಲೇ ನಿಧಾನವಾಗಿ ನಮ್ಮ ಕಡೆ ತಿರುಗಿದ. ರೈಲು ಬಂದು ನಿಲ್ಲುವವರೆಗೂ ನಾನು ಕೇಳುತ್ತಲೇ ಇದ್ದೆ, ದೊಡ್ಡಪ್ಪ ಗೊತ್ತಿದ್ದದ್ದಕ್ಕೆ ಒಂದೇ ಮಾತಿನಲ್ಲಿ ಉತ್ತರ ಹೇಳುತ್ತಿದ್ದ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನುತ್ತಿದ್ದ.